ಹಗ್ಗದವನ ಮಗ

ಬಿಳಿ ಗೆರೆಯ ಈಚೆ ನಿಂತಿರುವಷ್ಟು ಹೊತ್ತು ಯಾವ ಗೂಳಿಯೂ ತನ್ನನ್ನು ಮುಟ್ಟುವುದಿಲ್ಲ ಎಂದು ಬೆಲ್ಮಿರುವಿಗೆ ಗೊತ್ತಿತ್ತು. ರಸ್ತೆಗೆ ಅಡ್ಡಲಾಗಿ ಸುಣ್ಣದಲ್ಲಿ ಎಳೆದ ಗೆರೆ ಅದು. ಗೂಳಿಯ ಕತ್ತಿನ ಹಗ್ಗ ಹಿಡಿದವರು ಅದನ್ನು ದಾಟಗೊಡುವುದಿಲ್ಲ. ಆದರೆ ಇದಾಲಿನಾಳ ಮನೆ ಇದ್ದದ್ದು ಗೆರೆಯ ಆಚೆ, ಇಳಿಜಾರು ಬೀದಿಯ ತೀರ ಕೊನೆಯಲ್ಲಿ, ದೋಣಿಗಳನ್ನು ದಡಕ್ಕೆಳೆಯುವ ಕಟ್ಟೆಯ ಮಗ್ಗುಲಿಗೆ. ಮೊದಲ ಗೂಳಿ ಬಿಡುವ ಮುಂಚೆಯೇ ಆ ಮನೆಯ ಒಳಗೆ ಕೂತಿರಬೇಕೆಂದು ಅವನು ಹಾಕಿಕೊಂಡ ಲೆಕ್ಕ ಬಸ್ಸಿನ ಡ್ರೈವರನಿಗೆ ಹೇಗೆ ಗೊತ್ತಾಗಬೇಕು? ಆ ಪುಣ್ಯಾತ್ಮ ದಾರಿಯಲ್ಲಿ ಹಸುಗಳ ಹಿಂಡು ಎದುರಾದಾಗ ಎಂಜಿನ್ ಆರಿಸಿ, ದನ ಹೊಡೆದುಕೊಂಡು ಬಂದವನ ಹೆಂಡತಿಯ ಬಾಣಂತನದ ವಿಚಾರ ಪೂರ್ತಿ ಕೇಳಿ ತಿಳಿದುಕೊಂಡು ಆಮೇಲೆ ಹೊರಟಿದ್ದ. ಈಗ ಬೆಲ್ಮಿರು ಕೈಯಲ್ಲಿ ಕೇಕಿನ ಡಬ್ಬ, ಕತ್ತಿನಲ್ಲಿ ಟೈ, ಕಾಲಲ್ಲಿ ಪಾಲಿಶ್ ಹಾಕಿದ ಬೂಟು ಸಮೇತ ಗೆರೆಯನ್ನೇ ನೋಡುತ್ತ ನಿಂತಿದ್ದ. ಬೀದಿಯ ಎರಡೂ ಕಡೆ ಬಾಗಿಲು ಕಿಟಕಿಗಳಿಗೆಲ್ಲ ಹಲಗೆ ಹೊಡೆದಿದ್ದರು. ಕರಿ ಕಲ್ಲಿನ ಕಾಂಪೌಂಡು ಗೋಡೆಗಳ ಮೇಲೆ ಊರಿಗೆ ಊರೇ ಕಾಲು ಇಳಿಬಿಟ್ಟುಕೊಂಡು ಕೂತಿತ್ತು. ಪಾದ್ರಿಗಳು ಕೂಡ ತೋಳು ಮಡಚಿಕೊಂಡು ಕಡಲೆ ತಿನ್ನುತ್ತಿದ್ದರು. ಗೂಳಿ ಓಡುವ ದಿನ ಪೋರ್ತಿನ್ಯು ಎಂಬ ಈ ಊರಿಗೆ ಟೈ ಕಟ್ಟಿಕೊಂಡು ಬಂದವನು ತಾನೊಬ್ಬನೇ ಎಂಬುದು ಅವನಿಗೆ ಆಗಲೇ ಹೊಳೆದಿತ್ತು, ಆದರೆ ಅಷ್ಟು ಜನರೆದುರು ಅದನ್ನು ಬಿಚ್ಚುವುದು ಇನ್ನೂ ನಾಚಿಕೆಗೇಡು.

"ಗೂಳಿ ದಿನಾನೇ ಬನ್ನಿ," ಎಂದಿದ್ದಳು ಇದಾಲಿನಾ. "ಅವತ್ತು ಯಾರ ಮನೆಗೆ ಯಾರು ನುಗ್ಗಿದ್ರೂ ಯಾಕೆ ಅಂತ ಕೇಳಲ್ಲ. ಬೇರೆ ದಿನ ಬಂದ್ರೆ, ನೀವು ನನ್ನ ಬಾಗಿಲು ತಟ್ಟೋ ಹೊತ್ತಿಗೆ ಊರವ್ರು ನಮ್ಮ ಮದುವೆ ಊಟ ಮಾಡಿ ಕೈ ತೊಳ್ದಿರ್ತಾರೆ." ಅವಳು ಇದನ್ನು ಹೇಳಿದ್ದು ಆಂಗ್ರಾ ಪಟ್ಟಣದ ದಂತವೈದ್ಯರೊಬ್ಬರ ಹಿಂದಿನ ಕೋಣೆಯಲ್ಲಿ, ಸ್ಟೂಲಿನ ಮೇಲೆ ಕೂತು. ಅಲ್ಲಿ ಹಲ್ಲುಸೆಟ್ಟು ಮಾಡುವುದು ಬೆಲ್ಮಿರುವಿನ ಕೆಲಸ. ಮುಂದಿನ ಕೋಣೆಯಲ್ಲಿ ಜನ ಬಾಯಿ ತೆರೆಯುತ್ತಾರೆ. ಹಿಂದಿನ ಕೋಣೆಯಲ್ಲಿ ಅವನು ಬಾಯಿ ಮುಚ್ಚಿಕೊಂಡು ಅವರ ಹಲ್ಲು ತಿದ್ದುತ್ತಾನೆ. ಹೀಗೆ ಬಾಯಿ ಮುಚ್ಚಿಕೊಂಡೇ ಐವತ್ತು ದಾಟಿದ್ದ. "ನಾಲ್ಕನೇ ಗೂಳಿ ಮುಗಿದ್ಮೇಲೆ ನಮ್ಮ ಅತ್ತಿಗೆ ನಮ್ಮನೆಗೆ ಊಟಕ್ಕೆ ಬರ್ತಾರೆ. ನೀವು ಮೇಜಿನ ಆಕಡೆ ಕೂತಿರಿ, ಅಷ್ಟೇ. ಒಳ್ಳೆಯವ್ರ ಥರ ಕಾಣಿ. ಅವ್ರು ಹೂಂ ಅನ್ನದೆ ನಾನು ಒಂದು ಹೆಜ್ಜೆ ಇಡಲ್ಲ, ಈಗ್ಲೇ ಹೇಳಿದೀನಿ." ಅತ್ತಿಗೆ ಎಂದರೆ ಅವಳ ಗಂಡ ಆರ್ಲಿಂದುವಿನ ಅಕ್ಕ ಜೆನೊವೇವಾ. ಆರ್ಲಿಂದು ಮೀನಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿ ಬಂತು, ಅವನು ಬರಲಿಲ್ಲ. ಆವತ್ತಿನಿಂದ ಆ ಹೆಂಗಸು ತಮ್ಮನ ಶೋಕಕ್ಕೆ ಕಪ್ಪು ಬಟ್ಟೆಯನ್ನೇ ಉಡುತ್ತಾಳೆ, ನಾದಿನಿಯ ಮನೆಯ ಸೂರು ಸೋರಿದರೆ ಏಣಿ ಹಾಕಿ ತಾನೇ ಹತ್ತುತ್ತಾಳೆ, ರಾತ್ರಿ ಅವಳು ಕೆಮ್ಮಿದಳೆಂದು ಗೊತ್ತಾದರೆ ಬೆಳಿಗ್ಗೆ ಕಷಾಯ ತರುತ್ತಾಳೆ. ಅಂಥವಳಿಂದ ಹೂಂ ಅನ್ನಿಸುವುದೆಂದರೆ ಹುಡುಗಾಟವಲ್ಲ. ಒಳ್ಳೆಯವನ ಥರ ಕಾಣುವುದು ಹೇಗೆ ಎಂದು ಬಸ್ಸಿನ ಕಿಟಕಿಯ ಗಾಜಿನಲ್ಲಿ ಬೆಲ್ಮಿರು ಅಭ್ಯಾಸ ಮಾಡಿಕೊಂಡೇ ಬಂದಿದ್ದ. ಹುಬ್ಬು ಸ್ವಲ್ಪ ಎತ್ತಿದರೆ ಒಳ್ಳೆಯವನಂತೆ ಕಂಡ, ಇನ್ನೂ ಸ್ವಲ್ಪ ಎತ್ತಿದರೆ ಪೆದ್ದನಂತೆ.

ಇದಾಲಿನಾಳಿಗೆ ಅವನು ಹೇಳದೇ ಇದ್ದ ಸಂಗತಿ ಒಂದಿತ್ತು. ಅವನಿಗೆ ಗೂಳಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಈ ದ್ವೀಪದಲ್ಲಿ ಗಂಡಸು ಕುಡಿದು ಬಿದ್ದರೆ ಎತ್ತಿ ಮನೆಗೆ ಮುಟ್ಟಿಸುತ್ತಾರೆ, ಪೂಜೆಗೆ ಬಾರದಿದ್ದರೆ ಪಾದ್ರಿಗಳೇ ಬಂದು ವಿಚಾರಿಸಿಕೊಳ್ಳುತ್ತಾರೆ, ಆದರೆ ಗೂಳಿಗೆ ಹೆದರಿದರೆ ಏನು ಮಾಡಬೇಕೆಂಬುದೇ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ಹಾಗೆ ಯಾರೂ ಹೆದರಿಲ್ಲ. ಅದೂ ಹೋಗಲಿ, ಅವನು ಹಗ್ಗದ ಬೆರ್ನಾರ್ದಿನುವಿನ ಮಗ. ಬಿಳಿ ಅಂಗಿ, ಕಪ್ಪು ಹ್ಯಾಟು, ಅಂಗೈಯಲ್ಲಿ ಹಗ್ಗ ಸುಟ್ಟ ಗುರುತು. ಗೂಳಿ ಎಳೆದರೆ ಬೆರ್ನಾರ್ದಿನು ಎರಡು ಹೆಜ್ಜೆ ಜಾರುತ್ತಾನೆ, ಮೂರನೆಯದಕ್ಕೆ ಗೂಳಿಯೇ ನಿಲ್ಲುತ್ತದೆ ಎಂದು ಜನ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಬೆಲ್ಮಿರುವನ್ನು ಅತ್ತೆಯ ಮನೆಯ ಮಹಡಿಯ ಮೇಲೆ, ಕಟಾಂಜನದ ಹಿಂದೆ ನಿಲ್ಲಿಸಿದ್ದರು. ಗೂಳಿ ಕೆಳಗೆ ಎಲ್ಲೋ ದೂರದಲ್ಲಿ ತಲೆಯೆತ್ತಿ ಸುಮ್ಮನೆ ನೋಡಿತು. ಅಷ್ಟಕ್ಕೇ ಅವನ ಚಡ್ಡಿ ಒದ್ದೆಯಾಗಿ, ಕೆಳಗೆ ನಿಂತಿದ್ದವರು ಮಳೆ ಬಂತೇನೋ ಎಂದು ಆಕಾಶ ನೋಡಿದರು. ಅಪ್ಪನಿಗೆ ಯಾರು ಹೇಳಿದರೋ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಪಾತ್ರೆಯಲ್ಲಿದ್ದ ಒಳ್ಳೆಯ ತುಂಡನ್ನು ಆರಿಸಿ ಮಗನ ತಟ್ಟೆಗೆ ಹಾಕಿದ, ಅಷ್ಟೇ. ಆ ತುಂಡು ಇಂದಿಗೂ ಬೆಲ್ಮಿರುವಿನ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಬೀದಿ ಖಾಲಿಯಿತ್ತು. ಈಗ ಹೋದರೆ ಹೋದ ಹಾಗೆ ಎಂದುಕೊಂಡು ಗೆರೆ ದಾಟಿದ. ಓಡಿದರೆ ಹೆದರಿದ್ದಾನೆ ಎನ್ನುತ್ತಾರೆ, ನಿಧಾನ ನಡೆದರೆ ಗೂಳಿ ಬರುತ್ತದೆ. ಎರಡರ ನಡುವಿನ ಒಂದು ನಡಿಗೆ ಹುಡುಕಿಕೊಂಡು, ಬಾತುಕೋಳಿ ಅವಸರದಲ್ಲಿದ್ದಂತೆ, ಸ್ವಲ್ಪ ದೂರ ಹೋಗಿದ್ದನಷ್ಟೇ. ತಲೆಯ ಮೇಲೆ ಬಾಣಬಿರುಸು ಢಮ್ ಎಂದು ಸಿಡಿಯಿತು. ಗೂಳಿ ಬಿಟ್ಟಾಯಿತು ಎಂದು ಅದರ ಅರ್ಥ, ತೊಟ್ಟಿಲ ಮಕ್ಕಳಿಗೂ ಗೊತ್ತು. ಆಮೇಲಿನದು ಬೆಲ್ಮಿರುವಿಗೆ ಸರಿಯಾಗಿ ನೆನಪಿಲ್ಲ. ಎದೆಯೆತ್ತರದ ಗೋಡೆಯೊಂದು ತಾನಾಗಿ ಹತ್ತಿರ ಬಂದಂತಾಯಿತು. "ಹಿಡೀರೋ, ಹಿಡೀರೋ, ಟೈ ಹಿಡೀರೋ!" ಎಂದು ಯಾರೋ ಕೂಗಿದರು. ಕತ್ತು ಬಿಗಿದು ಕಣ್ಣಿಗೆ ಕತ್ತಲೆ ಬಂದು, ಬೆಳಕಾಗುವ ಹೊತ್ತಿಗೆ ಅವನು ಗೋಡೆಯ ಒಳಗೆ ಎಲೆಕೋಸಿನ ಮಡಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕೇಕಿನ ಡಬ್ಬ ಬೀದಿಯಲ್ಲೇ ಉಳಿದಿತ್ತು. ಗೂಳಿ ಅದನ್ನು ಮೂಸಿ ನೋಡಿ, ಮುಂಗಾಲಲ್ಲಿ ತುಳಿದು, ಮುಖಕ್ಕೆಲ್ಲ ಕೆನೆ ಮಾಡಿಕೊಂಡು ಮುಂದಕ್ಕೆ ಹೋಯಿತೆಂದು ಗೋಡೆಯ ಮೇಲಿನವರು ಅವನಿಗೆ ಒಂದೊಂದಾಗಿ ವರದಿ ಒಪ್ಪಿಸಿದರು.

ಅವನ ಕೈಗೆ ಆಗಲೇ ಒಂದು ತಟ್ಟೆ ಬಂದಿತ್ತು. ಗೋಡೆ ಹಾರಿ ಬಂದವನು ಯಾರೇ ಇರಲಿ ಅವತ್ತಿನ ಮಟ್ಟಿಗೆ ಮನೆಯ ನೆಂಟ. ತಟ್ಟೆ ಖಾಲಿ ಮಾಡದೆ ಎದ್ದರೆ ಮನೆಯವರ ಮುಖಕ್ಕೆ ಹೊಡೆದಂತೆ. ಹುರಿದ ಹಂದಿಯ ತುಂಡು, ಬೇಯಿಸಿದ ಕಾಳು, ಬಂಡೆಗೆ ಅಂಟಿಕೊಂಡಿರುವ ಚಿಪ್ಪಿನ ಮಾಂಸ ಬೆಳ್ಳುಳ್ಳಿ ಹಾಕಿ ಸುಟ್ಟದ್ದು, ಒಂದು ಲೋಟ ವೈನು. ಸೆಫೆರಿನಜ್ಜ ಎಂಬ ಮುದುಕ, ತನಗೂ ಆ ಮನೆಗೂ ಯಾವ ನೆಂಟಸ್ತಿಕೆಯೂ ಇಲ್ಲದೆ ಬೆಳಿಗ್ಗೆಯಿಂದ ಅಲ್ಲೇ ಬೀಡುಬಿಟ್ಟಿದ್ದವನು, ಅವನ ಪಕ್ಕ ಜರುಗಿ ಕೂತ.

"ಯಾರ ಮಗನಪ್ಪಾ ನೀನು? ಈ ಮೂಗನ್ನ ನಾನೆಲ್ಲೋ ನೋಡಿದೀನಿ."

ಸುಳ್ಳು ಹೇಳಬಹುದಿತ್ತು. ಆದರೆ ಬಾಯಿ ತುಂಬ ಕಾಳು ಇತ್ತು, ಸುಳ್ಳಿಗೆ ಜಾಗ ಸಾಲಲಿಲ್ಲ. "ಬೆರ್ನಾರ್ದಿನು ಮಗ."

"ಹಗ್ಗದ ಬೆರ್ನಾರ್ದಿನೂನಾ? ಏ! ಕೇಳ್ರೋ ಇಲ್ಲಿ! ಹಗ್ಗದ ಬೆರ್ನಾರ್ದಿನು ಮಗ ನಮ್ಮ ಗೋಡೆ ಒಳಗೆ ಕೂತವ್ನೆ!"

ಗೋಡೆಯ ಮೇಲಿದ್ದ ಬೆನ್ನುಗಳೆಲ್ಲ ತಿರುಗಿ ಮುಖಗಳಾದವು. ಯಾರೋ ಬೆನ್ನು ತಟ್ಟಿದರು, ಯಾರೋ ಲೋಟ ತುಂಬಿಸಿದರು. ಬೆರ್ನಾರ್ದಿನು ಗೂಳಿಯನ್ನು ಚರ್ಚಿನ ಮೆಟ್ಟಿಲಿನಿಂದ ಹಿಂದಕ್ಕೆಳೆದದ್ದು, ಹಗ್ಗ ಹರಿದಾಗ ಬಾಲ ಹಿಡಿದು ನಿಲ್ಲಿಸಿದ್ದು, ಒಬ್ಬರು ಮುಗಿಸುವುದರೊಳಗೆ ಇನ್ನೊಬ್ಬರು ಶುರುಮಾಡಿದರು. ಬೆಲ್ಮಿರು ಹುಬ್ಬು ಎತ್ತಿಕೊಂಡು ಕೇಳುತ್ತಿದ್ದ. ಇಷ್ಟು ಜನರಿಗೆ ಗೊತ್ತಿರುವ ಆ ಅಪ್ಪ ತನಗೆ ಮಾತ್ರ ಯಾಕೆ ಗೊತ್ತಿಲ್ಲ, ಮನೆಯಲ್ಲಿ ಅವನು ರೇಡಿಯೋದ ಮುಂದೆ ಕೂತು ನಿದ್ದೆ ಹೋಗುತ್ತಿದ್ದನಲ್ಲ, ಎಂದು ಯೋಚಿಸುತ್ತಿರುವಾಗ ಅವನ ಕೈಗೆ ಕೊಡೆಯೊಂದು ಬಂತು.

"ಎರಡನೇ ಗೂಳಿಗೆ ನೀನು ಇಳೀಬೇಕಪ್ಪ. ಕೊಡೆ ಬಿಚ್ಚಿ ಗೂಳೀನ ಒಂದ್ಸಲ ಆಡ್ಸಿ ಬಾ. ನಿಮ್ಮಪ್ಪನ ಹೆಸ್ರು ಉಳೀಲಿ."

"ಡಾಕ್ಟ್ರು ಬೇಡ ಅಂದಿದಾರೆ, ಅಜ್ಜ. ಮೊಣಕಾಲು."

"ಈಗ ತಾನೆ ಇಷ್ಟೆತ್ತರದ ಗೋಡೆ ಹಾರಿದ್ಯಲ್ಲೋ!"

"ಅದಕ್ಕೇ ನೋವು."

ಸೆಫೆರಿನಜ್ಜ ಅವನ ಮೊಣಕಾಲನ್ನು ನೋಡಿದ, ಮುಖವನ್ನು ನೋಡಿದ, ಕೊಡೆಯನ್ನು ಗೋಡೆಗೆ ಒರಗಿಸಿಟ್ಟ. ಆ ನೋಟ ತಟ್ಟೆಗೆ ತುಂಡು ಹಾಕಿದಾಗಿನ ಅಪ್ಪನ ನೋಟದ ಹಾಗೆಯೇ ಇತ್ತು. ಬೆಲ್ಮಿರುವಿಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಮನೆಯೊಳಗಿಂದ ಇನ್ನೊಂದು ತಟ್ಟೆ ಹಿಡಿದು, ಅಡಿಯಿಂದ ಮುಡಿಯವರೆಗೆ ಕಪ್ಪುಟ್ಟ ಹೆಂಗಸೊಬ್ಬಳು ಬಂದಳು. "ತಿನ್ನಪ್ಪ, ನಾಚ್ಕೋಬೇಡ. ನನ್ನ ಗೋಡೆ ಹಾರಿದವ್ರು ಹಸ್ಕೊಂಡು ಹೋಗಲ್ಲ," ಎಂದು ನಕ್ಕಳು. ನಗು ಅರ್ಧಕ್ಕೇ ನಿಂತು ಎಡಗೆನ್ನೆ ಕಿವುಚಿಕೊಂಡಿತು. ಆದರೆ ಆ ಅರ್ಧವೇ ಸಾಕಾಗಿತ್ತು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸಂದು. ಆ ಸಂದು ಬಿಟ್ಟವನು ಅವನೇ. ಅತ್ತಿಗೆಯ ಹಳೇ ಫೋಟೋದಲ್ಲಿ ಅಲ್ಲೊಂದು ಸಂದಿದೆ, ಅದಿಲ್ಲದಿದ್ದರೆ ಮುಖ ಅವರದ್ದು ಅನ್ನಿಸುವುದಿಲ್ಲ ಎಂದು ಇದಾಲಿನಾ ಹೇಳಿದ್ದಕ್ಕೆ ಬಿಟ್ಟದ್ದು. ಅಯ್ಯೋ ದೇವರೇ, ಬೀದಿಯಲ್ಲಿ ಇಷ್ಟೊಂದು ಗೋಡೆಗಳಿದ್ದವು.

ಜೆನೊವೇವಾಳನ್ನು ಅವನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ಬಸ್ಸು ಹತ್ತಿದರೆ ವಾಂತಿಯಾಗುತ್ತದೆಂದು ಅವಳು ಅಳತೆ ಕೊಡಲು ಒಂದು ಸಲ ಮುಂದಿನ ಕೋಣೆಯವರೆಗೆ ಬಂದವಳು ಮತ್ತೆ ಬರಲಿಲ್ಲ. ಅವನಿಗೆ ಗೊತ್ತಿದ್ದದ್ದು ಅವಳ ಬಾಯಿಯ ಅಚ್ಚು ಮಾತ್ರ. ಹಲ್ಲುಸೆಟ್ಟು ಕರವಸ್ತ್ರದಲ್ಲಿ ಸುತ್ತಿಕೊಂಡು ಇದಾಲಿನಾ ಬರುತ್ತಿದ್ದಳು. "ಎಡಗಡೆ ಒತ್ತತ್ತಂತೆ," ಎಂದಿದ್ದಳು ಮೊದಲ ಸಲ. ಆ ತಪ್ಪು ನಿಜವಾದ ತಪ್ಪೇ. ಅಚ್ಚು ತೆಗೆಯುವಾಗ ಹಾಗಾಗುತ್ತದೆ, ಯಾರ ಕೈಯಲ್ಲಾದರೂ ಆಗುತ್ತದೆ. ಕಾಫಿ ಆರುವುದರೊಳಗೆ ಸರಿಮಾಡಿ ಕಳಿಸಬಹುದಿತ್ತು. ಆದರೆ ಅವಳು ಸ್ಟೂಲಿನ ಮೇಲೆ ಕೂತು, ಒದ್ದೆ ಕೋಟು ಬಿಚ್ಚಿ, ಈ ಸಲ ಬಂಗುಡೆ ಬಂದೇ ಇಲ್ಲ ನೋಡಿ ಎಂದು ಮಾತು ತೆಗೆದಿದ್ದಳು. ಆ ಹಿಂದಿನ ಕೋಣೆಯಲ್ಲಿ ಯಾರೂ ಅವನ ಜೊತೆ ಬಂಗುಡೆಯ ಬಗ್ಗೆ ಮಾತಾಡಿರಲಿಲ್ಲ. ಅವನು ಎಡಗಡೆ ಉಜ್ಜುವ ಬದಲು ಬಲಗಡೆ ಉಜ್ಜಿದ. ಮುಂದಿನ ಸಲ ಎಡಗಡೆಯನ್ನೇ ಉಜ್ಜಿದ, ಆದರೆ ಒತ್ತುವ ಜಾಗ ಬಿಟ್ಟು. ಹೀಗೆ ಚಳಿಗಾಲ ಪೂರ್ತಿ ಕಳೆಯಿತು. ಆ ಒಸಡಿನ ಹಿಂದೆ ಒಬ್ಬ ಹೆಂಗಸಿದ್ದಾಳೆ, ಅವಳಿಗೆ ಹಸಿವೆಯಾಗುತ್ತದೆ ಎಂದು ಅವನಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅನ್ನಿಸಿರಲಿಕ್ಕೂ ಸಾಕು, ಅನ್ನಿಸಿದ ಕೂಡಲೇ ಅವನು ಮೋಟಾರು ಚಾಲೂ ಮಾಡಿ ಬೇರೆಯವರ ಹಲ್ಲಿಗೆ ಪಾಲಿಶ್ ಹಾಕುತ್ತಿದ್ದ.

ಮೊದಲ ಗೂಳಿ ಬೋನಿಗೆ ಹೋಯಿತೆಂದು ಬಾಣ ಹಾರಿತು. ಬೆಲ್ಮಿರು ಏಳಲು ನೋಡಿದ. "ತಟ್ಟೆ!" ಎಂದಳು ಜೆನೊವೇವಾ. ಕೂತ. ತಿನ್ನುವುದರೊಳಗೆ ಎರಡನೇ ಗೂಳಿಯ ಬಾಣ ಹಾರಿತು. ಗೋಡೆಯ ಮೇಲೆ ಓಹೋ, ಆಹಾ ನಡೆದಿತ್ತು. ಅವನು ಮಾತ್ರ ಗೋಡೆಗೆ ಬೆನ್ನು ಮಾಡಿ ಜೆನೊವೇವಾಳನ್ನು ನೋಡುತ್ತಿದ್ದ. ಬಂದವರಿಗೆಲ್ಲ ಹುರಿದ ತುಂಡು ಬಡಿಸುತ್ತಿದ್ದವಳು ತಾನು ಬ್ರೆಡ್ಡಿನ ಮೆತ್ತನೆ ಭಾಗ ಕಿತ್ತು, ವೈನಿನಲ್ಲಿ ಅದ್ದಿ, ಬಲಗೆನ್ನೆಗೆ ಸರಿಸಿ ಚೀಪುತ್ತಿದ್ದಳು.

"ಜೆನೊವೇವಕ್ಕ, ನೀವೊಂದು ತುಂಡು ತಿನ್ನಿ, ನೀವು ಹುರಿದಿದ್ದು ನಿಮ್ಗೇ ಇಲ್ವಾ?" ಎಂದ ಸೆಫೆರಿನಜ್ಜ, ಅವಳಿಗಿಂತ ಹತ್ತು ವರ್ಷವಾದರೂ ದೊಡ್ಡವನು.

"ತಿನ್ನೋದೆಲ್ಲಿ ಬಂತು? ಆಂಗ್ರಾದಲ್ಲೊಬ್ಬ ಹಲ್ಲಿನವ್ನಿದಾನೆ, ಅವನ ಕೈ ಸೇದಿಹೋಗ. ಇಡೀ ಚಳಿಗಾಲ ರಿಪೇರಿ ಮಾಡ್ದ, ರಿಪೇರಿ ಮಾಡ್ದ. ನಮ್ಮ ಇದಾಲಿನಾ ಪಾಪ, ಮಳೇಲಿ ನೆನ್ಕೊಂಡು ಹೋಗೋದು ಬರೋದು. ಒಂದಿನ ಬೇಸರ ಅಂದಿಲ್ಲ ಆ ಹುಡುಗಿ. ಸರಿಹೋಗಿದೆ ಅಂತ ಸುಳ್ಳು ಹೇಳೋಣ ಅನ್ಕೊಂಡಿದ್ದೆ, ಅವಳ ಓಡಾಟ ತಪ್ಲಿ ಅಂತ." ಆಮೇಲೆ ಬೆಲ್ಮಿರುವಿನ ಕಡೆ ತಿರುಗಿದಳು. "ನೀನೂ ಆಂಗ್ರಾದವ್ನೇ ಅಲ್ವೇನಪ್ಪ? ಏನು ಕೆಲಸ?"

"ಆಫೀಸು."

"ಯಾವ ಆಫೀಸು?"

"ಸಣ್ಣ ಆಫೀಸು, ಅಕ್ಕ."

ಸಣ್ಣ ಆಫೀಸಿನವನಿಗೆ ಸಣ್ಣ ಸಂಬಳವಿರಬೇಕೆಂದು ಕನಿಕರಪಟ್ಟು ಅವಳು ಇನ್ನೆರಡು ತುಂಡು ಹಾಕಿದಳು. ಅವನು ಅಗಿದ. ಅವನ ಹಲ್ಲು ಅವನ ಸ್ವಂತದ್ದು, ಗಟ್ಟಿಮುಟ್ಟು, ಕರುಂ ಕರುಂ ಎಂದು ಸದ್ದಾಯಿತು. ಆ ಸದ್ದಿಗೆ ಜೆನೊವೇವಾಳ ಕಣ್ಣು ಅವನ ಬಾಯಿಯ ಕಡೆ ಹೋಯಿತು. ಅಸೂಯೆಯಿಂದಲ್ಲ, ಸುಮ್ಮನೆ ಹೋಯಿತು, ಹಬ್ಬದ ದಿನ ಜ್ವರ ಬಂದ ಮಗುವಿನ ಕಣ್ಣು ಹೋಗುವಂತೆ. ಅವನಿಗೆ ಮುಂದೆ ಅಗಿಯಲಾಗಲಿಲ್ಲ. ಎರಡನೇ ಗೂಳಿ ಒಳಗೆ ಹೋದದ್ದು, ಅವನು ಎದ್ದು ಹೋಗಬಹುದಾಗಿದ್ದದ್ದು, ಮೂರನೆಯದರ ಬಾಣ ಹಾರಿದ್ದು ಯಾವುದೂ ತಿಳಿಯಲಿಲ್ಲ. ತಟ್ಟೆ ಇಡುವ ನೆಪದಲ್ಲಿ ಅವಳ ಹಿಂದೆಯೇ ಅಡಿಗೆಮನೆಗೆ ಹೋದ.

ಹಲಗೆ ಹೊಡೆದ ಕಿಟಕಿಯ ಸಂದಿನಿಂದ ಬಿಸಿಲು ಪಟ್ಟೆ ಪಟ್ಟೆಯಾಗಿ ಬಿದ್ದಿತ್ತು. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. ಹಲ್ಲುಸೆಟ್ಟು ತೆಗೆದು ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದುಕೊಂಡಿದ್ದಳು. ಹೊರಗೆ ಅಷ್ಟು ಜೋರಿನ ಹೆಂಗಸು, ಒಳಗೆ ಕೆನ್ನೆ ಕುಸಿದು, ಇಷ್ಟೇ ಇಷ್ಟಾಗಿದ್ದಳು. ಅವನ ಹೆಜ್ಜೆ ಕೇಳಿ ಗಾಬರಿಯಿಂದ ಏಪ್ರನ್ನು ಬಾಯಿಗೆ ಒತ್ತಿಕೊಂಡಳು. ಬೆಲ್ಮಿರುವಿಗೆ ಅಳು ಬಂತು. ತನ್ನಂಥ ನೀಚ ಈ ದ್ವೀಪದಲ್ಲಿ ಇನ್ನೊಬ್ಬನಿಲ್ಲ ಎನ್ನಿಸಿತು; ಹೇಳಿದರೆ ಇದಾಲಿನಾ ಕೈತಪ್ಪುತ್ತಾಳೆ ಎನ್ನಿಸಿತು; ಹೇಳದೆ ಆ ಮೇಜಿನ ಆಚೆ ಕೂತು ಒಳ್ಳೆಯವನ ಥರ ಕಾಣುವುದು ತನ್ನಿಂದ ಸಾಧ್ಯವಿಲ್ಲ ಎಂದೂ ಅನ್ನಿಸಿತು.

"ಆ ಹಲ್ಲಿನವ್ನು ನಾನೇ, ಅಕ್ಕ. ಕೊಡಿ ಇಲ್ಲಿ."

ಅವಳು ಏಪ್ರನ್ನಿನ ಮೇಲಿಂದ ಅವನನ್ನೇ ನೋಡಿದಳು. ಕೈ ಚಾಚಿದಳು. ಕೋಟಿನ ಒಳಜೇಬಿನಲ್ಲಿ ಅವನ ಸಣ್ಣ ಅರ ಸದಾ ಇರುತ್ತದೆ, ಬೇರೆಯವರ ಜೇಬಿನಲ್ಲಿ ಪೆನ್ನು ಇರುವ ಹಾಗೆ. ಪಟ್ಟೆ ಬಿಸಿಲಿಗೆ ಹಿಡಿದು ಹೆಬ್ಬೆರಳಿನಿಂದ ಸವರಿದ. ಜಾಗ ಅವನಿಗೆ ಗೊತ್ತೇ ಇತ್ತು. ಹೊರಗೆ ಗೂಳಿ ಈ ಗೋಡೆಯ ಹತ್ತಿರವೇ ಬಂದಿರಬೇಕು, ಹೆಂಗಸರ ಕಿರುಚಾಟ, ಹಗ್ಗದವರ ಬೈಗುಳ, ಕಲ್ಲಿಗೆ ಕೊಂಬು ಬಡಿದ ಸದ್ದು. ಅವನ ಕೈ ಮಾತ್ರ ಅಲುಗಲಿಲ್ಲ. ನಾಲ್ಕೈದು ಸಲ ಉಜ್ಜಿದ, ನೀರಿನಲ್ಲಿ ತೊಳೆದ, ಕೊಟ್ಟ. ಅವಳು ಬೆನ್ನು ತಿರುಗಿಸಿ ಹಾಕಿಕೊಂಡಳು. ಬಾಣಲೆಯಿಂದ ಒಂದು ತುಂಡು ತೆಗೆದು ಎಡಗಡೆಗೇ ಇಟ್ಟು ಕಚ್ಚಿದಳು. ಕರುಂ ಎಂದಿತು. ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಅಗಿದು, ನುಂಗಿ, ಇನ್ನೊಂದು ತೆಗೆದುಕೊಂಡಳು. ಅದು ಮುಗಿಯುವ ಹೊತ್ತಿಗೆ ಮೂರನೇ ಗೂಳಿ ಬೋನಿಗೆ ಹೋದ ಬಾಣ ಹಾರಿತು; ಅವಳು ಕಣ್ಣು ತೆರೆದಳು.

"ಇಷ್ಟೇನಾ?"

"ಇಷ್ಟೇ, ಅಕ್ಕ."

"ಇಷ್ಟಕ್ಕೆ ಚಳಿಗಾಲ ಪೂರ್ತಿ ಬೇಕಾಯ್ತಾ ನಿಂಗೆ?"

ಬೆಲ್ಮಿರು ಅರವನ್ನು ಜೇಬಿಗೆ ಹಾಕಿಕೊಂಡ. ಟೈ ಸರಿಮಾಡಿಕೊಂಡ. ಜೆನೊವೇವಾಳ ನೋಟ ಟೈಗೆ ಹೋಯಿತು, ಅಲ್ಲಿಂದ ಬೂಟಿಗೆ, ಬೂಟಿನಿಂದ ತಿರುಗಿ ಮುಖಕ್ಕೆ. ಕೇಕಿನ ಡಬ್ಬವೂ ಅವಳಿಗೆ ನೆನಪಾಗಿರಬೇಕು.

"ಓಹೋ," ಎಂದಳು.

ಆ ಓಹೋ ಎಷ್ಟು ಉದ್ದವಾಗಿತ್ತೆಂದರೆ ಅದರೊಳಗೆ ಬಂಗುಡೆ, ಸ್ಟೂಲು, ಒದ್ದೆ ಕೋಟು ಎಲ್ಲ ಇದ್ದವು. "ಇದಾಲಿನಾಗೆ ಗೊತ್ತಾ ಇದು?"

"ಇಲ್ಲ, ಅಕ್ಕ. ಅವರದ್ದೇನೂ ತಪ್ಪಿಲ್ಲ."

"ಅವಳಿಗೆ ಗೊತ್ತಿಲ್ಲ ಅಂತ ನಿಂಗೆ ಗೊತ್ತಾ?" ಎಂದು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಜೆನೊವೇವಾ ಒಂದು ಹೆಜ್ಜೆ ಮುಂದಿಟ್ಟಳು. ಅವಳು ಬಡಿಯಲು ಬಂದಳೋ, ಬಾಣಲೆ ಇಳಿಸಲು ಬಂದಳೋ, ನೋಡುವಷ್ಟು ಧೈರ್ಯ ಅವನಿಗಿರಲಿಲ್ಲ. ಅಂಗಳಕ್ಕೆ ಓಡಿದ; ಎಲೆಕೋಸಿನ ಮಡಿ ತುಳಿದ; ಸೆಫೆರಿನಜ್ಜನ ಹೆಗಲ ಮೇಲೆ ಕಾಲಿಟ್ಟು ಗೋಡೆ ಹತ್ತಿ ಬೀದಿಗೆ ಹಾರಿದ. ಅವನು ಹಾರುವುದಕ್ಕೂ ನಾಲ್ಕನೇ ಗೂಳಿಯ ಬಾಣ ಸಿಡಿಯುವುದಕ್ಕೂ ಸರಿಹೋಯಿತು.

"ಇಳ್ದಾ! ಬೆರ್ನಾರ್ದಿನು ಮಗ ಇಳ್ದಾ!" ಗೋಡೆಗೆ ಗೋಡೆಯೇ ಎದ್ದು ನಿಂತಿತು. ಯಾರೋ ಕೊಡೆ ಎಸೆದರು, ಅದು ಬಂದು ಅವನ ಕೈಗೇ ಸಿಕ್ಕಿತು. ಕೊಡೆ ಹಿಡಿದು ಅವನು ಇಳಿಜಾರಿನಲ್ಲಿ ಬಿದ್ದಂಬೀಳ ಓಡಿದ. ಜನ ಹುಚ್ಚೆದ್ದು ಕೂಗುತ್ತಿದ್ದರು. ಒಬ್ಬ ಮುದುಕಿ ಅಟ್ಟಿಸಿಕೊಂಡು ಬಂದದ್ದಕ್ಕೆ ಇಷ್ಟು ಕೂಗುವುದೇನಿದೆ ಎಂದು ಅವನಿಗೆ ಸಂಕಟವಾಯಿತು. ಬೆನ್ನ ಹಿಂದೆ ಏದುಸಿರು ಕೇಳಿಸುತ್ತಿತ್ತು. ಈ ವಯಸ್ಸಿಗೆ ಎಷ್ಟು ಚೆನ್ನಾಗಿ ಓಡುತ್ತಾರಲ್ಲ. ಕಟ್ಟೆಯ ಹತ್ತಿರ ಬಂದಾಗ ಕ್ಷಮೆ ಕೇಳಿಬಿಡೋಣವೆಂದು ತಿರುಗಿ ನೋಡಿದ. ಕಪ್ಪಗೆ ಇತ್ತು, ಆದರೆ ಕೊಂಬಿತ್ತು. ನಂಬಿದರೆ ನಂಬಿ, ಒಂದು ಕ್ಷಣ ಅವನಿಗೆ ಸಮಾಧಾನವೇ ಆಯಿತು. ಆಮೇಲೆ ಕಟ್ಟೆ ಮುಗಿಯಿತು.

ನೀರು ತಣ್ಣಗಿತ್ತು. ಮೇಲೆ ಬಂದು ಕಣ್ಣುಜ್ಜಿಕೊಂಡರೆ ಎದುರಿಗೇ ಗೂಳಿ. ಅದೂ ಆಗಷ್ಟೇ ಮುಳುಗೆದ್ದಿತ್ತು. ಮೂಗನ್ನು ನೀರಿನ ಮೇಲೆ ಎತ್ತಿಕೊಂಡು, ಕಣ್ಣು ಅಗಲ ಮಾಡಿಕೊಂಡು, ಇಲ್ಲಿಗೆ ಬರುವ ಉದ್ದೇಶ ತನಗೂ ಇರಲಿಲ್ಲ ಎಂಬಂತೆ ಅವನನ್ನು ನೋಡಿತು. "ತಪ್ಪಾಯ್ತು," ಎಂದ ಬೆಲ್ಮಿರು. ಯಾರಿಗೆ ಹೇಳಿದನೋ. ಕಟ್ಟೆಯ ಮೇಲಿನವರು ಇಬ್ಬರಿಗೂ ಒಟ್ಟಿಗೆ ಬುದ್ಧಿ ಹೇಳುತ್ತಿದ್ದರು: ಈಕಡೆ ಬಾ, ಆಕಡೆ ಬಂಡೆ, ತಲೆ ಎತ್ತು, ಬಾಲ ಬಿಡು. ಅವನಿಗೆ ಈಜು ಅಷ್ಟಕ್ಕಷ್ಟೇ. ಬೂಟಿನಲ್ಲಿ ನೀರು ತುಂಬಿ ಕೆಳಗೆಳೆಯುತ್ತಿತ್ತು. ಗೂಳಿಯ ಕತ್ತಿನಿಂದ ಹಾವಿನಂತೆ ತೇಲುತ್ತ ಬಂದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅದು ಒರಟಾಗಿತ್ತು, ಒದ್ದೆಯಾಗಿತ್ತು, ಅಪ್ಪನ ಕೈಯ ಹಾಗಿತ್ತು. ಕಟ್ಟೆಯ ಮೇಲಿಂದ ಹಗ್ಗದವರು ಎಳೆದರು. ಗೂಳಿ ಮುಂದೆ, ಅವನು ಹಿಂದೆ, ಒಂದೇ ಹಗ್ಗದಲ್ಲಿ ಇಬ್ಬರೂ ದೋಣಿಯ ಇಳಿಜಾರಿಗೆ ಬಂದು ಬಿದ್ದರು. ಗೂಳಿ ಎದ್ದು ಮೈ ಕೊಡವಿ, ಅವನ ಮುಖಕ್ಕೆ ನೀರು ಸಿಡಿಸಿ, ಯಾರ ಗೊಡವೆಯೂ ಬೇಡವೆಂಬಂತೆ ಹಗ್ಗದವರ ಜೊತೆ ನಡೆದುಹೋಯಿತು. ನಕ್ಕು ನಕ್ಕು ಊರಿನ ಹೊಟ್ಟೆ ಹುಣ್ಣಾಗಿತ್ತು.

ಇದಾಲಿನಾ ಗೋಡೆ ದಾಟಿ ಬಂದು ಎದುರು ನಿಂತಿದ್ದಳು. ನಗುತ್ತಿರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

"ಬದುಕಿದೀರೇನ್ರೀ?"

"ನಿಮ್ಮತ್ತಿಗೆಗೆ ಎಲ್ಲ ಗೊತ್ತಾಗ್ಹೋಯ್ತು," ಎಂದ ಬೆಲ್ಮಿರು, ಹಲ್ಲು ಕಟಕಟ ಎನ್ನುತ್ತಿರಲು. "ಅವ್ರ ಹಲ್ಲು ನಾನು ಬೇಕಂತ್ಲೇ ಸರಿಮಾಡಿರ್ಲಿಲ್ಲ. ನೀವು ಬರ್ಲಿ ಅಂತ. ಈಗ ಸರಿಮಾಡ್ದೆ. ಗೂಳಿ ಕಂಡ್ರೂ ನಂಗೆ ಭಯ. ಚಿಕ್ಕಂದಿನಿಂದ. ನಾನು ಹೋಗ್ತೀನಿ, ಬಸ್ಸೆಷ್ಟೊತ್ತಿಗೆ?"

ಕಟ್ಟೆಯ ಮೇಲೆ ನಗು ನಿಂತಿತು. ಇದಾಲಿನಾ ಸುತ್ತ ನೋಡಿದಳು. ಇಡೀ ಊರು ಅವಳ ಬಾಯನ್ನೇ ನೋಡುತ್ತಿತ್ತು. "ಎಡಗಡೆ ಒತ್ತೋದನ್ನ ಬಲಗಡೆ ಉಜ್ಜಿದ್ರೆ ಗೊತ್ತಾಗದೇ ಇರೋಕೆ ನಾನೇನು ಕುರುಡೀನಾ?" ಎಂದಳು ಮೆಲ್ಲಗೆ. ಕಿವಿಯವರೆಗೂ ಕೆಂಪಾದಳು. ಆಮೇಲೆ ಹತ್ತಿರದ ಗೋಡೆಯ ಮೇಲೆ ಕೂತಿದ್ದ ದಪ್ಪ ಹೆಂಗಸಿನ ಕಡೆ ತಿರುಗಿ, ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವ್ರು ಸುಮ್ನೆ ಗೂಳಿ ನೋಡೋಕೆ ಬಂದವ್ರಲ್ಲ. ನನ್ನನ್ನ ಕೇಳೋಕೆ ಬಂದವ್ರು. ಅತ್ತಿಗೆ ಏನಂತಾರೆ ಅಂತ ಕೇಳಿ ಹೇಳಿ."

ದಪ್ಪ ಹೆಂಗಸು ಅದನ್ನು ಮುಂದಿನ ಗೋಡೆಗೆ ಕೂಗಿದಳು. ಅವರು ಅದರ ಮುಂದಿನ ಗೋಡೆಗೆ ಕೂಗಿದರು. ಬೆಲ್ಮಿರು ನೀರು ಸೋರುತ್ತ ನಿಂತು, ತನ್ನ ಮಾತು ತನ್ನನ್ನು ಬಿಟ್ಟು ಬೀದಿ ಹತ್ತಿ ಹೋಗುವುದನ್ನು ಕೇಳಿಸಿಕೊಂಡ. ಒಬ್ಬರು ಇದಾಲಿನಾ ಕೇಳ್ತಾಳೆ ಎಂದರು, ಇನ್ನೊಬ್ಬರು ಹಲ್ಲಿನವನಂತೆ ಎಂದರು, ಪಾದ್ರಿಗಳೂ ಬಾಯಿಗೆ ಕೈ ಹಿಡಿದು ಮುಂದಕ್ಕೆ ದಾಟಿಸಿದರು. ಸಮುದ್ರಕ್ಕೆ ಬಿದ್ದ, ಗೂಳಿ ಜೊತೆ ಬಿದ್ದ ಎಂಬುದೂ ಸೇರಿಕೊಂಡು ಹೋಯಿತು. ದನಿ ಸಣ್ಣದಾಗುತ್ತ ಆಗುತ್ತ ಮೇಲೆ, ಜೆನೊವೇವಾಳ ಗೋಡೆಯ ಹತ್ತಿರ, ನಿಂತುಹೋಯಿತು. ಇದಾಲಿನಾ ಏಪ್ರನ್ನಿನ ಅಂಚನ್ನು ಹಿಂಡುತ್ತಿದ್ದಳು. ಬೇಡ ಅಂದರೆ ಬೇಡವೇ; ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗೂಳಿ ಬೋನಿಗೆ ಹೋಯಿತೆಂದು ಕೊನೆಯ ಬಾಣ ಹಾರಿತು, ಯಾರೂ ತಲೆಯೆತ್ತಿ ನೋಡಲಿಲ್ಲ.

ಆಮೇಲೆ ಮೇಲಿನಿಂದ ಏನೋ ಹೊರಟಿತು. ಮೊದಲು ಗುಜುಗುಜು, ಆಮೇಲೆ ಒಂದು ದನಿ, ಆಮೇಲೆ ಅದನ್ನೇ ಹೇಳುವ ಇನ್ನೊಂದು ದನಿ. ಪಾದ್ರಿಗಳ ಗೋಡೆಗೆ ಬಂತು. ಅವರು ಕೇಳಿಸಿಕೊಂಡು ಕೆಳಗೆ ದಾಟಿಸಿದರು. ಕೊನೆಗೆ ದಪ್ಪ ಹೆಂಗಸು ಬಗ್ಗಿ ಕೇಳಿಸಿಕೊಂಡಳು, ಕಣ್ಣೊರೆಸಿಕೊಂಡಳು, ಇದಾಲಿನಾಳ ಕಡೆ ತಿರುಗಿದಳು.

"ಜೆನೊವೇವಾ ಹೇಳ್ತಾಳೆ: ನೆಂದು ನಿಂತಿದಾನಂತಲ್ಲ ಆ ಮನುಷ್ಯ, ನಿನ್ನ ಮನೆ ಒಳಗೆ ಮರದ ಪೆಟ್ಟಿಗೇಲಿ ನನ್ನ ತಮ್ಮಂದು ಪ್ಯಾಂಟಿದೆ, ತೆಗೆದ್ಕೊಡು. ಉದ್ದ ಆಗತ್ತೆ. ಮಡಚ್ಕೊಳ್ಳಲಿ."